ಮುನ್ನಾ ಎಸೆದ ಕಲ್ಲು

ಸಹೋದರಿಯರೇ, ರಜೆ ಬಂತೆಂದರೆ ತವರು ನೆನಪಾಗದ ಹೆಣ್ಣುಂಟೇ? ನಾನೀಗ ನಾನಿಯಾಗಿದ್ದೇನೆ, ತಲೆಗೂದಲು ನೆರೆತಿದೆ. ಆದರೂ ದಸರಾ ರಜೆ ಶುರುವಾದರೆ ಕಾಲು ತಾನಾಗಿಯೇ ರಾಮಗಿರಿಯ ಕಡೆ ತಿರುಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಮಗಳು ಬೆಂಗಳೂರಿನಿಂದ ತನ್ನ ಎರಡು ವರ್ಷದ ಮಗನೊಂದಿಗೆ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದಳು. “ಅಮ್ಮೀ, ಇವನು ಹುಟ್ಟಿದ ಮೇಲೆ ಬರಿಗಾಲಲ್ಲಿ ಮಣ್ಣು ತುಳಿದೇ ಇಲ್ಲ. ಮಾಮೂ ತೋಟಕ್ಕೆ ಹೋಗೋಣ” ಎಂದಳು. ನನಗೆ ಇನ್ನೇನು ಬೇಕಿತ್ತು? ಮಾರನೆಯ ದಿನವೇ ರೈಲು ಹತ್ತಿದೆವು. ಚಿಕ್ಕಜಾಜೂರು, ಹೊಳಲ್ಕೆರೆ ದಾಟಿದರೆ ರಾಮಗಿರಿ.

ಆ ವರ್ಷ ಮಳೆ ಚೆನ್ನಾಗಿತ್ತು. ನಮ್ಮ ಕಡೆ ರೈತರಿಗೆ ಕ್ಯಾಲೆಂಡರಿಗಿಂತ ಮಳೆಯ ಹೆಸರೇ ಲೆಕ್ಕ. ಹಸ್ತೆ ಮುಗಿದು ಚಿತ್ತೆ ಹಿಡಿದಿತ್ತು. ನಮ್ಮ ಅಬ್ಬಾ ಬದುಕಿದ್ದಾಗ ಐದು ಹೊತ್ತಿನ ನಮಾಝಿನ ಸಮಯವನ್ನೂ ಮಳೆ ನಕ್ಷತ್ರಗಳ ದಿನವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಊರಿನವರೆಲ್ಲ ಅವರನ್ನೇ ಕೇಳಲು ಬರುತ್ತಿದ್ದರು. ಈಗ ತೋಟ ಅಣ್ಣನ ಕೈಯಲ್ಲಿದೆ. ಸ್ವಲ್ಪ ಅಡಿಕೆ, ಬದುವಿನಲ್ಲಿ ತೆಂಗು, ಮೇಲಿನ ಹೊಲದಲ್ಲಿ ಮೆಕ್ಕೆಜೋಳ, ಒಂದಿಷ್ಟು ರಾಗಿ. ರಾಗಿ ಇನ್ನೂ ಹಸಿರಾಗಿತ್ತು, ಮೆಕ್ಕೆಜೋಳ ಒಣಗಿ ಮುರಿಯಲು ಸಿದ್ಧವಾಗಿತ್ತು.

ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಖೇಣಿದಾರರ ಆಳುಗಳು ಕೊಯ್ಲಿಗೆ ಬಂದಿದ್ದರು. ಉದ್ದನೆಯ ದೋಟಿಯ ತುದಿಯ ಕತ್ತಿ ಗೊನೆಗೆ ತಗಲುವುದು, ಗೊನೆ ಧೊಪ್ಪೆಂದು ಬೀಳುವುದು, ಇದನ್ನು ನೋಡಿ ಮುನ್ನಾ ಪ್ರತಿ ಸಲವೂ ಚಪ್ಪಾಳೆ ತಟ್ಟಿದ. ನಾವು ಚಿಕ್ಕವರಿದ್ದಾಗ ಮನೆಯಂಗಳದಲ್ಲೇ ಹತ್ತು ಹನ್ನೆರಡು ಹೆಂಗಸರು ರಾತ್ರಿಯವರೆಗೆ ಕೂತು ಅಡಿಕೆ ಸುಲಿಯುತ್ತಿದ್ದರು. ಊರಿನ ಸುದ್ದಿಯೆಲ್ಲ ಅಲ್ಲೇ ಸುಲಿದು ಹೋಗುತ್ತಿತ್ತು! ಈಗ ಆ ಕೆಲಸ ಯಂತ್ರದ್ದು. ಆದರೆ ಸುಲಿದ ಹಸಿ ಅಡಿಕೆಯನ್ನು ಚೊಗರು ಹಾಕಿ ಹಂಡೆಯಲ್ಲಿ ಬೇಯಿಸುವಾಗ ಏಳುವ ವಾಸನೆ ಮಾತ್ರ ಅದೇ. ಬೆಂದದ್ದನ್ನು ಬಿಸಿಲಿನಲ್ಲಿ ಹರಡಿ ದಿನಗಟ್ಟಲೆ ಒಣಗಿಸಿದರೆ ಕೆಂಪಡಿಕೆ. ಅಲ್ಲಿಂದ ಅದರ ದಾರಿ ಭೀಮಸಮುದ್ರದ ವ್ಯಾಪಾರಿಗಳ ಕಡೆಗೆ.

ಮುನ್ನಾನಿಗೆ ಮೆಕ್ಕೆಜೋಳ ಎಂದರೆ ಅಂಗಡಿಯಲ್ಲಿ ಕಾಗದದ ಲೋಟಕ್ಕೆ ಹಾಕಿ ಕೊಡುವ ಹಳದಿ ಕಾಳು. ತೆನೆಯ ಸಿಪ್ಪೆ ಸುಲಿದು ತೋರಿಸಿದಾಗ ಅವನು ನನ್ನ ಮುಖವನ್ನೂ ತೆನೆಯನ್ನೂ ನೋಡಿ, ಮತ್ತೆ ಸಿಪ್ಪೆ ಮುಚ್ಚಲು ನೋಡಿದ. ಕಾಳು ಒಂದೊಂದಾಗಿ ಬಾಯಿಗೆ ಹೋಗುವುದನ್ನು ಕಂಡು ಮಗಳು ಕಸಿದುಕೊಂಡಳು. ಸರಿಯೇ ಮಾಡಿದಳು. ಜೋಳ, ಕಡಲೆಬೀಜದಂಥ ಗಟ್ಟಿ ಕಾಳು ಇಷ್ಟು ಸಣ್ಣ ಮಕ್ಕಳ ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಆದರೆ ಅವನ ನಿಜವಾದ ಆಟ ಪಂಪ್‌ಸೆಟ್ ತೊಟ್ಟಿಯ ಹತ್ತಿರ ಶುರುವಾಯಿತು. ಅಣ್ಣ ಅವನನ್ನು ಎತ್ತಿಕೊಂಡು ನಿಂತು ಒಂದು ಕಲ್ಲು ಎಸೆಸಿದ. “ದುಬುಕ್!” ಅಷ್ಟೇ ಸಾಕಾಯಿತು. ಇನ್ನೊಂದು, ಮತ್ತೊಂದು. ಪ್ರತಿ ಕಲ್ಲಿಗೂ ತಾನೇ “ದುಬುಕ್” ಎನ್ನುತ್ತಾ ನಮ್ಮೆಲ್ಲರ ಮುಖ ನೋಡುತ್ತಿದ್ದ. ಕೆಳಗೆ ಇಳಿಸಿದ ಮೇಲೆ ಅಂಗಿಯ ಎರಡೂ ಜೇಬಿಗೆ ಕಲ್ಲು ತುಂಬಿಕೊಂಡ.

ಮಧ್ಯಾಹ್ನ ಭಾಬಿ ಮೇಲಿನ ಹೊಲದ ಅಂಚಿನ ಹೊಂಗೆ ಮರದಡಿ ಚಾಪೆ ಹಾಸಿ ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೋಳಿ ಸಾರು. ಮಗಳು ಕೈ ತೊಳೆಯಲು ಹೋದಳು. ಅವಳು ಮಗನನ್ನು ನಾನು ನೋಡಿಕೊಳ್ಳುತ್ತೇನೆಂದುಕೊಂಡಿದ್ದಳು. ನಾನು ಭಾಬಿ ನೋಡುತ್ತಿದ್ದಾರೆಂದುಕೊಂಡಿದ್ದೆ. ನಾಲ್ಕು ಜನ ಹಿರಿಯರಿರುವಲ್ಲೇ ಮಗು ಯಾರ ಕಣ್ಣಿಗೂ ಬೀಳದೆ ಹೋಗುವುದು, ಇದು ನಿಮ್ಮ ಮನೆಯಲ್ಲೂ ಆಗಿರಬಹುದು.

ತಲೆಯೆತ್ತಿ ನೋಡಿದಾಗ ಮುನ್ನಾ ಹತ್ತು ಹದಿನೈದು ಹೆಜ್ಜೆ ಆಚೆ, ಸೊಂಟದೆತ್ತರದ ಹುಲ್ಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಜೇಬಿನಿಂದ ಕಲ್ಲು ತೆಗೆದು ಕೆಳಗೆ ಹಾಕಿದ. ಕಾದ. “ದುಬುಕ್” ಎನ್ನಲಿಲ್ಲ. ಇನ್ನೊಂದು ಹಾಕಿದ. ಆಮೇಲೆ ಎರಡೂ ಕೈ ನೆಲಕ್ಕೂರಿ, ಕಿವಿ ಕೆಳಗೆ ಮಾಡಿ ಬಗ್ಗಿದ.

ನನಗೆ ಆಗ ನೆನಪಾಯಿತು, ಅಲ್ಲಿ ಬೋರು ಇತ್ತು.

ನಾನು ಕೂಗಲಿಲ್ಲ. ಕೂಗಿದರೆ ಬೆಚ್ಚಿ ಮುಗ್ಗರಿಸುತ್ತಾನೆಂದು ಆ ಗಳಿಗೆಯಲ್ಲಿ ಹೇಗೆ ಹೊಳೆಯಿತೋ ಅಲ್ಲಾಹನೇ ಬಲ್ಲ. ಹಿಂದಿನಿಂದ ಹೋಗಿ ಅವನ ಅಂಗಿಯ ಬೆನ್ನು ಹಿಡಿದು ಎತ್ತಿಕೊಂಡೆ. ಮೊಣಕಾಲಿನ ನಡುಕ ಅಸರ್ ಹೊತ್ತಿನವರೆಗೂ ನಿಲ್ಲಲಿಲ್ಲ. ಮುನ್ನಾ ಮಾತ್ರ ಅಳುತ್ತಾ “ಕಲ್ಲು, ಕಲ್ಲು” ಎಂದು ಆ ಕಡೆಗೇ ಕೈ ಚಾಚುತ್ತಿದ್ದ.

ಅದು 2017ರ ಬರದಲ್ಲಿ ಕೊರೆಸಿದ್ದು. ಆಗಿನ ಪರಿಸ್ಥಿತಿ ನಮ್ಮ ಕಡೆಯವರಿಗೆ ಗೊತ್ತು. ತೋಟ ಉಳಿಸಿಕೊಳ್ಳಲು ಜನ ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಬುಡಕ್ಕೆ ಹಾಕಿದರು. ಅಣ್ಣ 600 ಅಡಿ ಕೊರೆಸಿದ, ಬಂದದ್ದು ಬರೀ ಧೂಳು. ಕೇಸಿಂಗ್ ಪೈಪು ದುಬಾರಿ, ಹಾಗಾಗಿ ಅದನ್ನು ಕಿತ್ತು ಮುಂದಿನ ಬೋರಿಗೆ ಹಾಕಿಸಿದ. ಅಪಾಯ ಹುಟ್ಟುವುದು ಇಲ್ಲೇ. ಪೈಪಿದ್ದರೆ ಅದು ಆರೂವರೆ ಇಂಚಿನ ಕೊಳವೆ, ಬಾಯಿಗೆ ಮುಚ್ಚಳ ಹಾಕಿ ಬಿಗಿಯಬಹುದು. ಕಿತ್ತ ಮೇಲೆ ಅಂಚಿನ ಮಣ್ಣು ಮಳೆಮಳೆಗೂ ಕುಸಿದು ಬಾಯಿ ಅಗಲವಾಗುತ್ತಾ ಹೋಗುತ್ತದೆ. ಮೇಲೆ ಒಂದು ಚಪ್ಪಡಿ ಇಟ್ಟಿದ್ದರಂತೆ, ಯಾರೋ ಅದನ್ನು ಪಕ್ಕಕ್ಕೆ ಸರಿಸಿದ್ದರು. ಒಂದಿಷ್ಟು ಜಾಲಿಮುಳ್ಳು ಹಾಕಿದ್ದರು, ಅದೂ ಕೊಳೆತು ಹೋಗಿತ್ತು. ಆ ಬಾಯಿ ಈಗ ನಮ್ಮ ರೊಟ್ಟಿಬುಟ್ಟಿಯಷ್ಟು ಅಗಲವಿತ್ತು.

ಅದೇ ವರ್ಷ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವೊಂದು ತೆರೆದ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದದ್ದನ್ನು ನಾವೆಲ್ಲ ಟಿ.ವಿ. ಮುಂದೆ ಕೂತು ನೋಡಿದ್ದೆವು. ಪಕ್ಕದಲ್ಲಿ ಗುಂಡಿ ತೋಡಿ ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ತೆಗೆದರು. ಅಂದು ನಾನು ದುಆ ಮಾಡಿದ್ದೆ, ಕಣ್ಣೀರು ಹಾಕಿದ್ದೆ. ನನ್ನ ತವರಿನ ಹೊಲದ ಬೋರು ಒಮ್ಮೆಯೂ ನೆನಪಿಗೆ ಬರಲಿಲ್ಲ. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರಲಿಲ್ಲ. 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದ ಪುಟ್ಟ ಹುಡುಗಿ ಬದುಕಲಿಲ್ಲ.

ಊಟ ಯಾರ ಗಂಟಲಿಗೂ ಇಳಿಯಲಿಲ್ಲ. ಮಗಳು ಮಾಮೂ ಮುಖ ನೋಡಲಿಲ್ಲ. ನಾನೇ ಕೇಳಿದೆ, “ಭಾಯಿ, ಏಳು ವರ್ಷ ಇದನ್ನು ಹೀಗೆ ಬಿಟ್ಟಿದ್ದೀಯಲ್ಲ?”

ಅಣ್ಣ ಬಹಳ ಹೊತ್ತು ಸುಮ್ಮನಿದ್ದ. “ಒಳ್ಳೆ ಮಳೆಯಾದರೆ ನೀರು ಬಂದೀತು ಅಂತ” ಎಂದ. ಆಮೇಲೆ, “ಮಳೆನೀರು ಇಂಗಿಸೋಣ ಅಂತಲೂ ಇತ್ತು” ಎಂದ.

ಇಂಗಿಸುವ ಮಾತು ಸುಳ್ಳಲ್ಲ. ಚಿತ್ರದುರ್ಗದ ಎನ್.ಜೆ. ದೇವರಾಜ ರೆಡ್ಡಿಯವರು ಕೊಳವೆಬಾವಿ ಮರುಪೂರಣವನ್ನು ಬಹಳ ಕಡೆ ಮಾಡಿಸಿ ಹೆಸರಾದವರು. ಆದರೆ ಅದಕ್ಕೆ ಕೇಸಿಂಗ್ ಪೈಪು ಇರಬೇಕು, ಅದರ ಸುತ್ತ ಗುಂಡಿ ತೆಗೆದು ಕಲ್ಲು, ಜಲ್ಲಿ, ಮರಳು ತುಂಬಬೇಕು. ಪೈಪು ಕಿತ್ತ ಗುಂಡಿಯಲ್ಲಿ ಅದು ಆಗದು. ಇದು ಅಣ್ಣನಿಗೂ ಗೊತ್ತಿತ್ತು.

ಭಾಬಿ ತಟ್ಟೆ ಎತ್ತುತ್ತಾ, “ನನ್ನ ನಾಲ್ಕು ಬಳೆ ಅದರೊಳಗಿವೆ. ಮುಚ್ಚು ಅಂತ ನನಗೂ ಬಾಯಿ ಬರಲಿಲ್ಲ” ಎಂದರು. ಬಳೆ ಅಡವಿಟ್ಟು ಕೊರೆಸಿದ ಬೋರು ಅದು. ಬಿಡಿಸಿಕೊಳ್ಳಲು ಆಗಲೇ ಇಲ್ಲ. ಆಗ ನನಗೆ ಅರ್ಥವಾಯಿತು, ಇದು ಬರೀ ಸೋಮಾರಿತನವಲ್ಲ. ಬತ್ತಿದ ಬೋರನ್ನು ಮುಚ್ಚಿದರೆ ಹೋದ ಹಣ ಹೋಯಿತೆಂದು ಒಪ್ಪಿಕೊಂಡಂತೆ. ಬಾಯಿ ತೆರೆದಿರುವಷ್ಟು ದಿನ ಒಂದು ಆಸೆ. ಆದರೆ ಸಹೋದರಿಯರೇ, ಆ ಆಸೆಯ ಬಾಯಿಗೆ ನನ್ನ ಮೊಮ್ಮಗ ಕಿವಿ ಕೊಟ್ಟಿದ್ದ.

ಮಾರನೆಯ ದಿನ ನಾವು ಊರಿಗೆ ಹೊರಡಲಿಲ್ಲ. ಲೆಕ್ಕ ಹಾಕಿ ನೋಡಿದರೆ ಆರೂವರೆ ಇಂಚಿನ, 600 ಅಡಿಯ ಬೋರಿಗೆ ಹಿಡಿಯುವುದು ಸುಮಾರು ನಾಲ್ಕು ಘನ ಮೀಟರ್. ಬಾಯಿ ಅಗಲವಾದದ್ದನ್ನೂ ಸೇರಿಸಿದರೆ ಹೆಚ್ಚೆಂದರೆ ಎರಡು ಟ್ರ್ಯಾಕ್ಟರ್ ಲೋಡು. ಏಳು ವರ್ಷ ಮುಂದೂಡಿದ್ದು ಎರಡು ಲೋಡಿನ ಕೆಲಸ! ಹಸಿ ಜೇಡಿಮಣ್ಣು ಸುರಿಯಬಾರದು, ಅದು ನಡುವೆ ಕಟ್ಟಿಕೊಂಡು ತುಂಬಿದಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಒಣ ಮರಳು, ಸಣ್ಣ ಜಲ್ಲಿ ನಿಧಾನವಾಗಿ ಬಿಡಬೇಕು. ತಳದಿಂದ ನೆಲಮಟ್ಟದವರೆಗೆ ತುಂಬಲೇಬೇಕೆಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಳಕೆಯಲ್ಲಿರುವ ಬೋರಾದರೂ ಸುತ್ತ ಸಿಮೆಂಟ್ ಕಟ್ಟೆಯಿರಬೇಕು, ಬಾಯಿಗೆ ಉಕ್ಕಿನ ಮುಚ್ಚಳವನ್ನು ಬೋಲ್ಟು ಹಾಕಿ ಬಿಗಿದಿರಬೇಕು. ಗೋಣಿಚೀಲ, ಚಪ್ಪಡಿ, ಮುಳ್ಳು ಇವು ಯಾವುದೂ ಮುಚ್ಚಳವಲ್ಲ.

ಮುಂದಿನ ರಜೆಗೆ ನೀವು ತವರಿಗೆ ಹೋದಾಗ, ಮಗುವನ್ನು ಕಂಕುಳಿಂದ ಇಳಿಸುವ ಮೊದಲು ಕೇಳಿಬಿಡಿ, “ಇಲ್ಲಿ ಹಳೇ ಬೋರು ಎಲ್ಲೆಲ್ಲಿದೆ?” ಅಣ್ಣಂದಿರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಭೂಮಿಯಲ್ಲಿ ನಮ್ಮ ಪಾಲು ಕೇಳಲು ನಾಚುವ ನಾವು ಇದನ್ನಾದರೂ ಕೇಳೋಣ.

ತುಂಬಿಸುವಾಗ ಮುನ್ನಾ ಅಣ್ಣನ ಹೆಗಲ ಮೇಲಿದ್ದ. ತನ್ನ ಜೇಬಿನಲ್ಲಿ ಉಳಿದಿದ್ದ ಕಲ್ಲನ್ನೂ ಎಸೆದ. ಭಾಬಿ ಒಂದು ಬುಟ್ಟಿ ಮರಳನ್ನು ತಾವೇ ಸುರಿದು, ಸೆರಗಿನಿಂದ ಮುಖ ಒರೆಸಿಕೊಂಡು ಅಡಿಕೆ ಬೇಯುತ್ತಿದ್ದ ಹಂಡೆಯ ಕಡೆ ಹೋದರು.

ಸ್ವಾತಿ ಮಳೆ ಬಿದ್ದ ಮೇಲೆ ಅವರ ಫೋನು ಬಂತು. ಮರಳು ಒಂದು ಗೇಣು ಕೆಳಗಿಳಿದಿತ್ತಂತೆ, ಇನ್ನೆರಡು ಬುಟ್ಟಿ ಹಾಕಿ ಮೇಲೆ ಸಿಮೆಂಟ್ ಬಳಿಸಿದರಂತೆ. ಆ ಸುದ್ದಿಯನ್ನು ಬೆಂಗಳೂರಿಗೆ ಹೇಳಿದಾಗ ಮಗಳು ಫೋನನ್ನು ಮುನ್ನಾನ ಕಿವಿಗೆ ಹಿಡಿದಳು. ಅವನು ಕೇಳಿದ್ದು ಒಂದೇ, “ನಾನೀ, ದುಬುಕ್ ಆಯ್ತಾ?”