ಕಡಲಾಚೆಯ ತಂದೆ ಮತ್ತು ಮಗುವಿನ ಹೋಮ್‌ವರ್ಕ್

ಗುರುವಾಯನಕೆರೆಯ ಆಸುಪಾಸಿನ ನಮ್ಮ ಮನೆಗಳಲ್ಲಿ ಮಗ್ರಿಬ್ ನಮಾಝಿನ ಬಳಿಕ ಮಕ್ಕಳ ಪುಸ್ತಕಗಳು ತೆರೆದುಕೊಳ್ಳುತ್ತವೆ. ಇಲ್ಲಿ ಗಂಟೆ ಏಳೂವರೆಯಾದಾಗ ದುಬೈಯಲ್ಲಿ ಆರು, ರಿಯಾದ್‌ನಲ್ಲಿ ಐದು. ಅನೇಕ ತಂದೆಯಂದಿರು ಆಗಿನ್ನೂ ಅಂಗಡಿಯ ಕೌಂಟರಿನಲ್ಲಿಯೋ ವಾಹನದ ಚಕ್ರದ ಮುಂದೆಯೋ ಇರುತ್ತಾರೆ. ರಾತ್ರಿ ಎಂಟಕ್ಕೆ ರಿಯಾದ್‌ನ ಕೋಣೆಯಿಂದ ಕರೆ ಮಾಡಿದರೆ ಇಲ್ಲಿ ಹತ್ತೂವರೆ, ಮಗು ನಿದ್ದೆಹೋಗಿರುತ್ತದೆ. ಹೀಗಾಗಿ ತಂದೆ ಮತ್ತು ಮಗುವಿನ ಸಂಬಂಧವು ರಜಾದಿನದ ಒಂದೇ ಪ್ರಶ್ನೆಗೆ ಇಳಿದುಬಿಡುತ್ತದೆ: "ಮಾರ್ಕ್ಸ್ ಎಷ್ಟು?"

ಆ ಅಂಕಗಳ ಹಿಂದಿರುವ ಶ್ರಮವನ್ನು ನಾವು ಎಣಿಸಿದ್ದೇವೆಯೇ? ನಮ್ಮ ಮಗು ಮನೆಯಲ್ಲಿ ಬ್ಯಾರಿ ಭಾಷೆ ಮಾತನಾಡುತ್ತದೆ. ಹಲವು ಮದ್ರಸಗಳಲ್ಲಿ ಅರಬಿ-ಮಲಯಾಳಂ ಪಠ್ಯ ಓದುತ್ತದೆ. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಬರೆಯುತ್ತದೆ. ಒಂದೇ ದಿನದಲ್ಲಿ ಇಷ್ಟು ಭಾಷೆಗಳನ್ನು ದಾಟುವ ಮಗುವಿನ ಜೊತೆ ಕುಳಿತುಕೊಳ್ಳುವವಳು ತಾಯಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಕಲಿತ ಆಕೆಗೆ ಇಂಗ್ಲಿಷಿನ ವಿಜ್ಞಾನ ಪಾಠ ಕಷ್ಟವಾಗಬಹುದು. ಅತ್ತೆ ಮಾವಂದಿರ ಔಷಧ, ರೇಷನ್, ಬ್ಯಾಂಕು ಎಲ್ಲವೂ ಅವಳದೇ ಹೊಣೆ. ಆದರೂ ಅಂಕ ಕಡಿಮೆಯಾದರೆ ದೂರು ಬರುವುದು ಅವಳ ಮೇಲೆಯೇ. ಇದು ನ್ಯಾಯವಲ್ಲ.

ಗಲ್ಫ್‌ನಲ್ಲಿ ಕುಟುಂಬದೊಂದಿಗಿದ್ದು ಮರಳಿದವರ ಸಂಕಟ ಬೇರೆಯೇ. 2017ರ ಜುಲೈಯಲ್ಲಿ ಸೌದಿ ಅರೇಬಿಯಾವು ವಿದೇಶಿ ಅವಲಂಬಿತರಿಗೆ ತಲಾ ಮಾಸಿಕ 100 ರಿಯಾಲ್ ಶುಲ್ಕ ವಿಧಿಸಿತು. 2020ಕ್ಕೆ ಅದು 400 ಆಯಿತು. ಭಾರ ತಾಳಲಾರದೆ ಅನೇಕರು ಮಡದಿ ಮಕ್ಕಳನ್ನು ಊರಿಗೆ ಕಳುಹಿಸಿದರು. ಅಲ್ಲಿ ಕನ್ನಡದ ಅಕ್ಷರವನ್ನೇ ಕಾಣದ ಮಗು ಇಲ್ಲಿ ಆರನೆಯ ತರಗತಿಯ ಕನ್ನಡ ಪುಸ್ತಕದ ಮುಂದೆ ಮೂಕವಾಗಿ ಕೂರುವುದನ್ನು ನಾವು ಕಂಡಿದ್ದೇವೆ. ಅದು ದಡ್ಡತನವಲ್ಲ, ಹೊಸ ಲಿಪಿ, ಅಷ್ಟೆ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಪಾಠ ಕಂಠಪಾಠವಾಗಿಲ್ಲವೆಂದು ನಾವೊಮ್ಮೆ ಒಬ್ಬ ಹುಡುಗನನ್ನು ತರಗತಿಯಲ್ಲಿ ನಿಲ್ಲಿಸಿದ್ದೆವು. ಹಿಂದಿನ ರಾತ್ರಿ ಅವನು ಶಾಲೆಯ ಮೂರು ವಿಷಯಗಳ ಹೋಮ್‌ವರ್ಕನ್ನು ಒಬ್ಬನೇ ಮುಗಿಸಿ, ಜ್ವರ ಬಂದಿದ್ದ ತಂಗಿಯನ್ನೂ ನೋಡಿಕೊಂಡಿದ್ದನೆಂದು ನಮಗೆ ಆಮೇಲೆ ತಿಳಿಯಿತು. ಕೇಳದೆ ಶಿಕ್ಷಿಸಿದ್ದು ನಾವು. ಆ ದಿನದ ನಾಚಿಕೆ ಇನ್ನೂ ನಮ್ಮೊಂದಿಗಿದೆ.

ಪವಿತ್ರ ಕುರ್‌ಆನಿನ ಮೂವತ್ತೊಂದನೆಯ ಅಧ್ಯಾಯದಲ್ಲಿ ಲುಕ್ಮಾನರು ಮಗನಿಗೆ ಮಾಡಿದ ಉಪದೇಶವಿದೆ. ಅವರು ಮಗನನ್ನು ಅಕ್ಕರೆಯಿಂದ ಕರೆದೇ ಮಾತು ತೊಡಗುತ್ತಾರೆ. ಧ್ವನಿ ತಗ್ಗಿಸಲು ಕಲಿಸುತ್ತಾರೆ. ಆ ಉಪದೇಶದ ನಡುವೆಯೇ ಅಲ್ಲಾಹನು ಮಗುವನ್ನು ಹೊತ್ತ ತಾಯಿಯ ಬಳಲಿಕೆಯನ್ನು ನೆನಪಿಸುತ್ತಾನೆ. ತಂದೆಯ ಮಾತಿನ ಮಧ್ಯೆ ತಾಯಿಯ ಶ್ರಮ ಬಂದಿರುವುದನ್ನು ಕಡಲಾಚೆಯ ಸಹೋದರರು ಗಮನಿಸಬೇಕು.

ಹಾಗಾದರೆ ಮಾಡಬೇಕಾದುದೇನು? ವಾರದ ರಜೆಯಂದು ಅರ್ಧ ಗಂಟೆ ಮಗುವಿಗೇ ಮೀಸಲಿಡಿ. ಅಂಕ ಕೇಳಬೇಡಿ, ಈ ವಾರ ಕಲಿತ ಒಂದು ಪಾಠವನ್ನು ನಿಮಗೆ ಕಲಿಸಲು ಹೇಳಿ. ಕಲಿಸುವ ಮಗು ಕಲಿಯುತ್ತದೆ. ಊರಿಗೆ ಬಂದಾಗ ನೆಂಟರ ಮದುವೆಗಳಿಗೆ ಕೊಡುವ ಸಮಯದಲ್ಲಿ ಒಂದು ಬೆಳಿಗ್ಗೆಯನ್ನು ಶಾಲೆಯ ಶಿಕ್ಷಕರಿಗೂ ಕೊಡಿ. ಮಡದಿಯನ್ನು ಮಗುವಿನ ಎದುರು ಗದರಬೇಡಿ.

ಜಮಾಅತ್‌ಗಳಿಗೂ ಒಂದು ಮಾತು. ರಾತ್ರಿ ಹೊತ್ತು ಮದ್ರಸದ ಕೋಣೆಗಳು ಖಾಲಿಯಿರುತ್ತವೆ. ಮಗ್ರಿಬ್ ಮತ್ತು ಇಶಾ ನಡುವೆ ಅಲ್ಲಿ ದೀಪ ಉರಿಸಿ, ಊರಿನ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಮಕ್ಕಳ ಶಾಲಾ ಪಾಠಕ್ಕೆ ನೆರವಾಗಲು ದೊಡ್ಡ ಖರ್ಚೇನೂ ಬೇಕಿಲ್ಲ. ಗಲ್ಫ್‌ನಿಂದ ಬರುವ ದೇಣಿಗೆ ಕಮಾನಿನ ಅಲಂಕಾರಕ್ಕೆ ಸಲ್ಲುವ ಮೊದಲು ಈ ಕೋಣೆಗೆ ಸಲ್ಲಲಿ.

ತಂದೆ ದೂರ ಹೋಗಿರುವುದು ಮಕ್ಕಳಿಗಾಗಿಯೇ. ಆ ದೂರವೇ ಮಕ್ಕಳನ್ನು ಕಳೆದುಕೊಳ್ಳಲು ಕಾರಣವಾಗದಿರಲಿ. ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಕರುಣಿಸಲಿ. ಆಮೀನ್.