ಹೆಸರಿಲ್ಲದ ಹಾತೆ

ಕಳೆದ ತಿಂಗಳು ಈ ಅಂಕಣದಲ್ಲಿ ಹೊಸದಾಗಿ ಪತ್ತೆಯಾದ ಒಂದು ಪತಂಗದ ಸುದ್ದಿಯನ್ನು ನಾಲ್ಕು ಸಾಲುಗಳಲ್ಲಿ ಹೇಳಿ ಮುಗಿಸಿದ್ದೆವು. ಅದನ್ನೋದಿದ ನಮ್ಮ ಸಮಾಜದ ಹಿರಿಯರೊಬ್ಬರು ಬಸದಿಯಿಂದ ಹಿಂದಿರುಗುವಾಗ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ, "ಹೊಸ ಜೀವ ಕಂಡರೆಂದು ಸಂತೋಷಪಟ್ಟು ಬರೆದಿರಿ, ಸರಿ. ಕಂಡಮೇಲೆ ಅದನ್ನು ಕೊಂದರಲ್ಲವೆ?" ಎಂದು ಕೇಳಿದರು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಆದುದರಿಂದ ಈ ತಿಂಗಳೂ ಅದೇ ವಿಷಯ.

ಸುದ್ದಿ ಇದು. ಕನ್ನಡದಲ್ಲಿ ಹಾತೆಯೆಂದೂ ದೀಪದ ಹುಳುವೆಂದೂ ಕರೆಯುವ, ನೆರೆಯ ಮಲೆಯಾಳಿಗಳು ನಿಶಾಶಲಭವೆನ್ನುವ ಪತಂಗಗಳಲ್ಲಿ ಗಿಡುಗ ಪತಂಗಗಳೆಂಬ ಒಂದು ಕುಲವಿದೆ. ಕಿರಿದಾದ ರೆಕ್ಕೆ, ದಪ್ಪ ಮೈ, ಬಾಣದಂತಹ ಹಾರಾಟ. ಕೇರಳದ ದಕ್ಷಿಣ ತುದಿಯಲ್ಲಿ, ಕೊಲ್ಲಂ ಜಿಲ್ಲೆಯ ಶೆಂದುರುಣಿ ಅಭಯಾರಣ್ಯದ ಬೆಟ್ಟಗಳಿಂದ ಈ ಕುಲದ ಹೊಸ ಪ್ರಭೇದವೊಂದನ್ನು ಯಶ್ ಸೋಂಧಿ, ಇಯಾನ್ ಕಿಚಿಂಗ್, ದೀಪೇಂದ್ರನಾಥ ಬಸು, ಕೃಷ್ಣಮೇಘ ಕುಂಟೆ ಇವರು 2017ರಲ್ಲಿ ಲೋಕಕ್ಕೆ ಪರಿಚಯಿಸಿ, ಥೆರೆಟ್ರಾ ಶೆಂದುರ್ನಿಯೆನ್ಸಿಸ್ ಎಂದು ಹೆಸರಿಟ್ಟರು. ಆ ಕಾಡಿಗೆ ಹೆಸರು ಬಂದದ್ದು ಚೆಂಕುರಿಂಜಿಯೆಂಬ ಮರದಿಂದ. ಮರದ ಹೆಸರು ಕಾಡಿಗೆ, ಕಾಡಿನ ಹೆಸರು ಹುಳುವಿಗೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಪುಟ್ಟ ಪತಂಗವೊಂದಕ್ಕೆ ಅಮೆರಿಕದ ಅಧ್ಯಕ್ಷ ಟ್ರಂಪರ ಹೆಸರಿಟ್ಟುದಕ್ಕಿಂತ ಇದು ನಮಗೆ ಹೆಚ್ಚು ಹಿಡಿಸುತ್ತದೆ.

ಹಿರಿಯರ ಪ್ರಶ್ನೆಗೆ ಬರೋಣ. ಹೌದು, ಕೊಲ್ಲುತ್ತಾರೆ. ಪ್ರಪಂಚದಲ್ಲಿ ಈವರೆಗೆ ಹೆಸರು ಪಡೆದ ಪತಂಗಗಳೇ ಸುಮಾರು 1,60,000 ಬಗೆ. ನಮ್ಮ ದೇಶದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿವೆ. ಅವುಗಳಲ್ಲಿ ಅನೇಕವು ಕಣ್ಣಿಗೆ ಅವಳಿಗಳಂತೆ ಕಾಣುತ್ತವೆ. ಒಳ ಅಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಥವಾ ವಂಶವಾಹಿಗಳನ್ನು ಹೋಲಿಸಿದಾಗ ಮಾತ್ರ ಎರಡು ಬೇರೆಬೇರೆಯೆಂದು ತಿಳಿಯುವುದು. ಮೇಲಾಗಿ ಒಂದು ಹೆಸರಿಗೆ ಒಂದು ದೇಹ ಸಾಕ್ಷಿಯಾಗಿರಬೇಕೆಂಬುದು ಪ್ರಾಣಿಶಾಸ್ತ್ರದ ಕಟ್ಟಳೆ. ಹೋಲೋಟೈಪ್ ಎಂಬ ಆ ಮೂಲಮಾದರಿಯನ್ನು ಸಂಗ್ರಹಾಲಯದಲ್ಲಿ ಕಾಪಾಡುತ್ತಾರೆ. ನೂರು ವರ್ಷದ ಬಳಿಕ ಯಾರಿಗಾದರೂ ಸಂದೇಹ ಬಂದರೆ ಅದನ್ನೇ ತೆರೆದು ನೋಡಬೇಕು. ಬರಿಯ ಛಾಯಾಚಿತ್ರವನ್ನು ನಂಬಿ ಹೆಸರಿಡುವುದನ್ನು ವಿದ್ವಾಂಸರಲ್ಲಿ ಬಹುಮಂದಿ ಒಪ್ಪುವುದಿಲ್ಲ.

ನಮ್ಮ ನೆರೆಯ ನೀಲಗಿರಿಯದೇ ನಿದರ್ಶನವಿದೆ. ಜಾರ್ಜ್ ಫ್ರಾನ್ಸಿಸ್ ಹ್ಯಾಂಪ್ಸನ್ ಎಂಬಾತ ಅಲ್ಲಿ ಚಹಾ ತೋಟ ಮಾಡಿಕೊಂಡಿದ್ದು, ಪತಂಗಗಳ ಬೆನ್ನು ಹತ್ತಿದನು. ನೀಲಗಿರಿಯ ಪತಂಗಗಳನ್ನು ಕುರಿತ ಆತನ ಗ್ರಂಥ 1891ರಲ್ಲಿ ಬಂತು. ಭಾರತದ ಪತಂಗಗಳ ನಾಲ್ಕು ಸಂಪುಟಗಳು 1892ರಿಂದ 1896ರೊಳಗೆ ಬಂದವು. ಇಂದಿಗೂ ಅವನ್ನು ಬಿಟ್ಟು ಯಾರೂ ಮುಂದೆ ಹೋಗಲಾರರು. ಆದರೆ ಆತ ಹೆಸರಿಟ್ಟ ನಮ್ಮ ಬೆಟ್ಟದ ಜೀವಿಗಳ ಮೂಲಮಾದರಿಗಳನ್ನು ನೋಡಲು ಲಂಡನ್ನಿಗೆ ಹೋಗಬೇಕಾಯಿತು. ಈಗ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಅಂತಹ ಸಂಗ್ರಹವಿದೆ.

ಬೆಟ್ಟದ ಪತಂಗಕ್ಕೆ ಇಷ್ಟು ಮಹತ್ವವೇಕೆ? ಎತ್ತರದ ಶಿಖರಗಳು ಸಮುದ್ರದ ನಡುವಿನ ದ್ವೀಪಗಳಂತೆ. 2,100 ಮೀಟರು ಎತ್ತರದ ನಮ್ಮ ಚೆಂಬ್ರದ ಮೇಲಿನ ಶೋಲೆಗಾಡಿನ ತಂಪಿಗೆ ಒಗ್ಗಿದ ಜೀವಿ ಕೆಳಗಿನ ಬಿಸಿಯ ಕಣಿವೆಯನ್ನು ದಾಟಿ ಇನ್ನೊಂದು ಶಿಖರಕ್ಕೆ ಸುಲಭವಾಗಿ ಹೋಗಲಾರದು. ಹಾಗೆ ಬೇರ್ಪಟ್ಟು ಸಾವಿರಾರು ತಲೆಮಾರು ಕಳೆದರೆ ಬೇರೆಯೇ ಜಾತಿಯಾಗುತ್ತದೆ. ಬಾಣಾಸುರ ಚಿಲಪ್ಪನ್ ಎಂಬ ಹಕ್ಕಿ ವಯನಾಡು ಮತ್ತು ಕೊಡಗಿನ ಕೆಲವೇ ಎತ್ತರದ ಬೆಟ್ಟಗಳಲ್ಲಿ ಉಳಿದಿರುವುದು ಹೀಗೆಯೆ. ಹಕ್ಕಿಯಾದರೋ ಕೂಗುತ್ತದೆ, ಜನ ಗಮನಿಸುತ್ತಾರೆ. ಹಾತೆಗೆ ಕೂಗಿಲ್ಲ. 2024ರ ಜುಲೈ 30ರ ರಾತ್ರಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟವೇ ಜರಿದು ಬಂದಾಗ ಹೋದ ಮನುಷ್ಯರ ಲೆಕ್ಕ ಮಾಡಲಿಕ್ಕೇ ವಾರಗಳು ಹಿಡಿದವು. ಆ ಇಳಿಜಾರಿನಲ್ಲಿ ಮನುಷ್ಯರೊಡನೆ ಮತ್ತೇನೇನು ಹೋಯಿತೆಂಬುದನ್ನು ಯಾವ ದಫ್ತರದಲ್ಲಿಯೂ ಬರೆದಿಲ್ಲ. ಹೆಸರಿಲ್ಲದ್ದನ್ನು ಬರೆಯುವುದಾದರೂ ಹೇಗೆ?

ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕಲು ಮಾತ್ರ ಮನಸ್ಸು ಬಾರದು. ದೀಪಕ್ಕೆ ಹುಳು ಬೀಳುವುದೆಂದು ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಮನೆಗಳಲ್ಲಿ ಬೆಳೆದವರು ನಾವು. ನಮ್ಮ ಶಾಸ್ತ್ರ ಪತಂಗವನ್ನು ಚತುರಿಂದ್ರಿಯ ಜೀವಿಗಳಲ್ಲಿ ಸೇರಿಸಿದೆ. ಕಿವಿಯೊಂದಿಲ್ಲವೆಂದು ಅದರ ಅರ್ಥ. (ಶೆಂದುರುಣಿಯ ಪತಂಗದ ಬಳಗದಲ್ಲಿ ಕೆಲವು ಬಾಯಿಯ ಬಳಿಯ ಅಂಗಗಳಿಂದ ಬಾವಲಿಯ ದನಿಯನ್ನು ಕೇಳಿ ತಪ್ಪಿಸಿಕೊಳ್ಳುತ್ತವೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಪಂಡಿತರು ಇದನ್ನು ವಿಚಾರಿಸಬೇಕು.)

ಶಿಕ್ಷಕ ತರಬೇತಿಯ ಕಾಲದಲ್ಲಿ ನಾವೂ ಒಂದು ಕೀಟಪೆಟ್ಟಿಗೆ ಮಾಡಿದ್ದುಂಟು. ಇಪ್ಪತ್ತೆರಡು ಹುಳುಗಳನ್ನು ಸೂಜಿಗೆ ಚುಚ್ಚಿದ್ದೆವು. ಎಲ್ಲಿ ಹಿಡಿದದ್ದು, ಎಂದು ಹಿಡಿದದ್ದು ಎಂಬ ಒಂದಕ್ಷರವನ್ನೂ ಬರೆಯಲಿಲ್ಲ. ಒಳ್ಳೆಯ ಅಂಕಗಳು ಬಂದವು. ಮರುವರ್ಷದ ಮಳೆಗಾಲಕ್ಕೆ ಪೆಟ್ಟಿಗೆ ಬೂಸಲು ಹಿಡಿದು ತಿಪ್ಪೆಗೆ ಹೋಯಿತು. ವಿಜ್ಞಾನಿ ಒಂದನ್ನು ಕೊಂದು, ಊರು, ಎತ್ತರ, ತಾರೀಖು ಬರೆದಿಟ್ಟು ನೂರು ವರ್ಷ ಕಾಯುವುದಕ್ಕೂ ನಮ್ಮ ಆ ಕೆಲಸಕ್ಕೂ ಒಂದೇ ಹೆಸರು ಸಲ್ಲದೆಂದು ನಮ್ಮ ಎಣಿಕೆ. ಹಾಗೆಂದು ಮಕ್ಕಳ ಕೈಗೆ ಸೂಜಿ ಕೊಡಲು ನಾವಿನ್ನು ಒಪ್ಪಲಾರೆವು.

ಈಗ ಶಾಲೆಯ ಹಿತ್ತಿಲಲ್ಲಿ ಬೇಲಿಗೆ ಬಿಳಿಯ ಪಂಚೆ ಕಟ್ಟಿ, ತಿಂಗಳಿಲ್ಲದ ಒಂದು ರಾತ್ರಿ ದೀಪವಿಡುತ್ತೇವೆ. ಬಂದು ಕುಳಿತವುಗಳ ಚಿತ್ರವನ್ನು ಮಕ್ಕಳು ಬರೆದುಕೊಳ್ಳುತ್ತಾರೆ. ಗಂಟೆ, ತಾರೀಖು, ಮಳೆಯಿತ್ತೆ ಎಂಬುದನ್ನೂ ಬರೆಯುತ್ತಾರೆ. ಒಂಬತ್ತಕ್ಕೆ ದೀಪ ಆರಿಸುತ್ತೇವೆ, ಅವು ಹೋಗಲೆಂದು. ಅಂಗೈಗಿಂತ ಅಗಲವಾದ ಅಟ್ಲಾಸ್ ಪತಂಗ ಒಮ್ಮೆ ಬಂದಿತ್ತು. ಉಣ್ಣಲು ಬಾಯಿಯೇ ಇಲ್ಲದ, ಒಂದೆರಡು ವಾರವಷ್ಟೇ ಬದುಕುವ ಜೀವ. ಪುಸ್ತಕದಲ್ಲಿ ಹೆಸರು ಸಿಗದವಕ್ಕೆ ಮಕ್ಕಳು ಸಂಖ್ಯೆ ಹಾಕಿದ್ದಾರೆ; ಪಟ್ಟಿ ಈಗ ಮೂವತ್ತೇಳಕ್ಕೆ ಬಂದಿದೆ.

ಮುಂದಿನ ಅಮಾವಾಸ್ಯೆಗೆ ತಾವೂ ಬರುವುದಾಗಿ ಹಿರಿಯರು ಹೇಳಿದ್ದಾರೆ. ಅವರ ಊಟ ಐದೂವರೆಗೇ ಮುಗಿಯುವುದರಿಂದ ಸಮಯಕ್ಕೇನೂ ಕೊರತೆಯಿಲ್ಲ.