ಭುಜದ ‘ನರ’ ಹರಿದರೆ ಆಪರೇಷನ್ ಆಗಲೇಬೇಕೆ?



ಜಡೆ ಹಾಕಲು ಕೈ ಎತ್ತಿದರೆ ಭುಜದಲ್ಲಿ ಚುಳ್ ಎನ್ನುತ್ತದೆ. ಮೇಲಿನ ಗೂಡಿನ ಡಬ್ಬಿ ಇಳಿಸಲಾಗದು, ರಾತ್ರಿ ಆ ಮಗ್ಗುಲಿಗೆ ಮಲಗುವಂತಿಲ್ಲ. ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದರೆ ‘ಟೆಂಡನ್ ಹರಿದಿದೆ’ ಎಂಬ ರಿಪೋರ್ಟು ಬರುತ್ತದೆ. ಮಗ ಆಪರೇಷನ್ ಮಾಡಿಸೋಣ ಅಂತಾನೆ, ಯಜಮಾನರು ಈ ವಯಸ್ಸಲ್ಲಿ ಯಾಕೆ ಅಂತಾರೆ, ಪಕ್ಕದ ಮನೆಯವರು ಎಣ್ಣೆ ತಿಕ್ಕಿ ಅಂತಾರೆ. ಕೈ ಯಾರದೋ ಅವರನ್ನು ಮಾತ್ರ ಯಾರೂ ಕೇಳೋದಿಲ್ಲ!

ನಾವು ‘ನರ’ ಅಂದರೂ ಇದು ನರವಲ್ಲ. ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿದಿರುವ ಹುರಿ. ಭುಜದ ಕೀಲಿನ ಸುತ್ತ ಇಂಥವು ನಾಲ್ಕಿವೆ. ವಯಸ್ಸಾದ ಹಾಗೆ ಬಾವಿ ಹಗ್ಗದಂತೆ ಎಳೆ ಎಳೆಯಾಗಿ ಸವೆಯುತ್ತವೆ. ಅರವತ್ತು ದಾಟಿದ ಅನೇಕರಲ್ಲಿ, ನೋವೇ ಇಲ್ಲದಿದ್ದರೂ, ಸ್ಕ್ಯಾನ್ ಮಾಡಿದರೆ ಹರಿದಿರುವುದು ಕಾಣುತ್ತದೆ. ಆದ್ದರಿಂದ ರಿಪೋರ್ಟು ನೋಡಿದ ಕೂಡಲೇ ಎದೆಗುಂದಬೇಡಿ.

ಇದು ಬಂದದ್ದು ಹೇಗೆ ಎಂದು ಮೊದಲು ನೆನಪು ಮಾಡಿಕೊಳ್ಳಿ. ಬೀಳದೆ, ಏಟಾಗದೆ, ತಿಂಗಳುಗಟ್ಟಲೆ ಮೆಲ್ಲಗೆ ಬಂದ ನೋವಾದರೆ ಆತುರವಿಲ್ಲ. ಫಿನ್ಲೆಂಡಿನ ವೈದ್ಯರು ಐವತ್ತೈದು ದಾಟಿದ ಇಂಥ ರೋಗಿಗಳನ್ನೇ ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ವ್ಯಾಯಾಮ ಮಾತ್ರ, ಒಂದು ಗುಂಪಿಗೆ ಹುರಿ ಹೊಲಿಯುವ ಆಪರೇಷನ್ನೂ ಇತ್ತು. ವರ್ಷದ ಮೇಲೆ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2014ರಲ್ಲಿ ಪ್ರಕಟಿಸಿದರು. ಹಾಗಾಗಿ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಮೂರು ತಿಂಗಳು ತಪ್ಪದೆ ಮಾಡಿ. ನಾಲ್ಕು ದಿನ ಮಾಡಿ ‘ಗುಣವಾಗಲಿಲ್ಲ’ ಅಂದರೆ ಆಗದು.

ಬಚ್ಚಲಲ್ಲಿ ಜಾರಿ ಬಿದ್ದು, ಅಂದಿನಿಂದಲೇ ಕೈ ಮೇಲೇಳದಿದ್ದರೆ ಮಾತೇ ಬೇರೆ. ಮಗಳ ಮದುವೆ ಮುಗೀಲಿ, ಆಲೂಗಡ್ಡೆ ಕೀಳೋದು ಮುಗೀಲಿ ಎಂದು ಮುಂದೂಡಬೇಡಿ. ಹರಿದ ಹುರಿ ಹಿಂದಕ್ಕೆ ಸರಿಯುತ್ತದೆ, ಮಾಂಸಖಂಡ ಸೊರಗುತ್ತದೆ. ತಡವಾದಷ್ಟೂ ಹೊಲಿಗೆ ನಿಲ್ಲುವುದು ಕಷ್ಟ. ಮೂಳೆ ಡಾಕ್ಟರಿಗೆ ಅದೇ ವಾರ ತೋರಿಸಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಬೇರೆಯವರು ಮೆತ್ತಗೆ ಎತ್ತಿದರೂ ಕೈ ಏಳದಿದ್ದರೆ ಅದು ಕೀಲು ಬಿಗಿದದ್ದಿರಬಹುದು. ಅದಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಸಕ್ಕರೆ ಏರುತ್ತದೆ. ಪದೇ ಪದೇ ಕೊಡಿಸಿಕೊಂಡರೆ ಹುರಿಯೇ ದುರ್ಬಲವಾಗಬಹುದು.

ಇನ್ನು ಆಪರೇಷನ್ನೇ ಆಗಬೇಕು ಅಂತಾದರೆ, ಕೊಯ್ದು ಹೊಲಿಯೋದು ಒಂದೆರಡು ಗಂಟೆಯ ಕೆಲಸ, ಆಮೇಲಿನದು ಆರು ತಿಂಗಳು. ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ. ಸೀರೆ ಉಡಲು, ಸ್ನಾನಕ್ಕೆ ಒಬ್ಬರು ಬೇಕು. ದಿಂಬು ಒರಗಿಕೊಂಡೇ ನಿದ್ದೆ. ಮುದ್ದೆಯಂತೂ ಕೇಳಲೇಬೇಡಿ! ಪಾತ್ರೆ ಅದುಮಿ ಹಿಡಿದು ಕೋಲಿನಿಂದ ಗಟ್ಟಿ ಹಿಟ್ಟು ತಿರುವುವ ಕೆಲಸ ಮೂರು ತಿಂಗಳಾದರೂ ಕೂಡದು. ಎರಡು ಹೊತ್ತೂ ಮುದ್ದೆ ಬೇಕೆನ್ನುವ ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ? ತಾರೀಖು ಗೊತ್ತುಮಾಡುವ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು ಇತ್ಯರ್ಥ ಮಾಡಿ. ಸೊಸೆಯೊಬ್ಬಳ ತಲೆಗೇ ಕಟ್ಟಬೇಡಿ, ಗಂಡಸರೂ ಕೋಲು ಹಿಡಿಯಲಿ. ‘ನನ್ನ ಕೆಲಸ ನಾನೇ ಮಾಡ್ಕೋತೀನಿ’ ಎಂದು ಹತ್ತನೇ ದಿನ ಬಿಂದಿಗೆ ಎತ್ತಿದರೆ ಹೊಲಿಗೆ ಬಿಟ್ಟುಹೋದೀತು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ವಾರಕ್ಕೆರಡು ಸಲ ಫಿಸಿಯೋಥೆರಪಿಗೆಂದು ಬಸ್ಸಿನಲ್ಲಿ ಓಡಾಡುವುದೂ ಸುಲಭವಲ್ಲ, ಅದೂ ಒಂದೇ ಕೈಯಲ್ಲಿ ಕಂಬಿ ಹಿಡಿದು. ವ್ಯಾಯಾಮವನ್ನು ಮನೆಯಲ್ಲೇ ಮಾಡುವಂತೆ ಕಲಿಸಿಕೊಡಿ ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಸೌಲಭ್ಯ ಉಂಟೇ ಎಂದೂ ವಿಚಾರಿಸಿ.

ಖರ್ಚಿನ ವಿಷಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ನಿಮ್ಮ ಆಪರೇಷನ್ ಅದರಲ್ಲಿ ಸೇರಿದೆಯೇ, ಯಾವ ಕಾಗದ ಬೇಕು ಎಂದು ಕಾರ್ಡು ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ಕೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಎಪ್ಪತ್ತರಲ್ಲಿ ಜಡೆ ಹಾಕಿಕೊಂಡು, ನಿದ್ದೆ ಮಾಡಿಕೊಂಡು ಇರುವವರು ಕೊಯ್ಯಿಸಿಕೊಳ್ಳಬೇಕಾಗಿಲ್ಲ. ಅರವತ್ತೆರಡರಲ್ಲಿ, ಮೂರು ತಿಂಗಳ ವ್ಯಾಯಾಮದ ಮೇಲೂ ರಾತ್ರಿಯೆಲ್ಲ ನರಳುವವರು ‘ವಯಸ್ಸಾಯ್ತು’ ಎಂದು ಸಹಿಸಿಕೊಂಡು ಕೂರಬೇಕಾಗಿಯೂ ಇಲ್ಲ. ಡಾಕ್ಟರ ಹತ್ತಿರ ಹೋಗುವಾಗ ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಷ್ಟು ಹರಿದಿದೆ? ಮಾಂಸಖಂಡ ಸೊರಗಿದೆಯೆ? ನನ್ನ ವಯಸ್ಸಿಗೆ ಹೊಲಿಗೆ ಕೂಡುತ್ತದೆಯೆ, ಕೂಡದಿದ್ದರೆ ಮುಂದೇನು? ಚೀಟಿ ನಿಮ್ಮ ಕೈಯಲ್ಲೇ ಇರಲಿ, ಮಗನ ಜೇಬಿನಲ್ಲಿ ಬೇಡ.